ಅಜ್ಜನ ಗಾಳ, ಮೊಮ್ಮಗನ ಬಣ್ಣ

ನಮ್ಮ ಮನೆಯಲ್ಲಿ ಶನಿವಾರ ಸಂಜೆ ಎರಡು ಬಗೆಯ ಅಡುಗೆ ನಡೆಯುತ್ತಿತ್ತು. ಗ್ಯಾಸಿನ ಮೇಲೆ ನನ್ನ ಮೀನುಸಾರು, ಮೂಲೆಯ ಕಟ್ಟಿಗೆ ಒಲೆಯ ಮೇಲೆ ಮಾವನವರ ಸೀಸ. ಹಳೆಯ ಕಬ್ಬಿಣದ ಸೌಟಿನಲ್ಲಿ ಹರಿದ ಬಲೆಯಿಂದ ಬಿಚ್ಚಿದ ಸೀಸದ ಗುಂಡುಗಳನ್ನು ಹಾಕಿ ಅವರು ಬೆಂಕಿ ಊದುತ್ತಾ ಕೂರುತ್ತಿದ್ದರು. ಪಕ್ಕದಲ್ಲಿ ಮಣೆ ಹಾಕಿಕೊಂಡು ಐದು ವರ್ಷದ ನನ್ನ ಮಗ ಪುಟ್ಟ. ಬೂದು ಬಣ್ಣದ ಗುಂಡುಗಳು ಒಂದೊಂದಾಗಿ ಕುಸಿದು ಕನ್ನಡಿಯಂತೆ ಹೊಳೆಯತೊಡಗಿದಾಗ ಅವನು ಚಪ್ಪಾಳೆ ತಟ್ಟುತ್ತಿದ್ದ. ಅಜ್ಜ ಮೊಮ್ಮಗನ ಆ ಜೋಡಿಯನ್ನು ನೋಡಿ ನನಗೂ ಸಂತೋಷವೇ. ಟಿ.ವಿ. ಮುಂದೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು ಎಂದುಕೊಂಡಿದ್ದೆ.

ಆ ನನ್ನ ಎಣಿಕೆ ತಪ್ಪಾಗಿತ್ತು. ಕರಾವಳಿಯ ಬೇರೆ ಮನೆಗಳಲ್ಲೂ ಇದೇ ತಪ್ಪು ನಡೆಯುತ್ತಿರಬಹುದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಗಾಳದವರೂ ಪೇತ್ರನ ಕಡೆಯವರೇ

ಶಿರಿಯಾ ಹೊಳೆ ಸಮುದ್ರ ಸೇರುವ ಅಳಿವೆಗೆ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಮಾವನವರು ಮುಂಬೈಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು, ನಿವೃತ್ತಿಯ ನಂತರ ಊರಿಗೆ ಬಂದವರು. ಕೈ ಸುಮ್ಮನೆ ಕೂರುವುದಿಲ್ಲ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಒಂದು ಸಣ್ಣ ನಿದ್ದೆ, ಸಂಜೆ ಗಾಳ. ಶುಭಸಂದೇಶದಲ್ಲಿ ಸಂತ ಪೇತ್ರರು ಬಲೆ ಬೀಸುವುದನ್ನೇ ನಾವು ಹೆಚ್ಚಾಗಿ ಕೇಳುತ್ತೇವೆ. ಅವರು ಗಾಳ ಹಾಕಿದ ಪ್ರಸಂಗ ಬರುವುದು ಮತ್ತಾಯನ 17ನೇ ಅಧ್ಯಾಯದಲ್ಲಿ, ತೆರಿಗೆಯ ನಾಣ್ಯಕ್ಕಾಗಿ. ಮಾವನವರು ಅದನ್ನೇ ಹಿಡಿದು "ಗಾಳದವರೂ ಪೇತ್ರನ ಕಡೆಯವರೇ" ಎಂದು ನಗುತ್ತಿದ್ದರು.

ಎರೆಹುಳ, ಸಿಗಡಿ ಸಿಕ್ಕಿಸಿ ಕಾಯುವ ಗಾಳ ಹಳೆಯದು. ಈಗಿನ ಹುಡುಗರು ಬಳಸುವುದು ಲೂರ್ ಮತ್ತು ಜಿಗ್, ಅಂದರೆ ಮೀನಿನಂತೆ ಕಾಣುವ ಹುಸಿ ಎರೆ. ಜಿಗ್ಗಿನ ತಲೆ ಅಥವಾ ಮೈಯೇ ಸೀಸ. ಅದನ್ನು ನೀರಿಗೆಸೆದು, ತಳ ಮುಟ್ಟಲು ಬಿಟ್ಟು, ಕೋಲನ್ನು ಜಗ್ಗುತ್ತಾ ಸಡಿಲಿಸುತ್ತಾ ಎಳೆದುಕೊಳ್ಳಬೇಕು. ಆಗ ಅದು ಏಳುತ್ತದೆ, ಬೀಳುತ್ತದೆ, ಗಾಯಗೊಂಡ ಬೂತಾಯಿಯಂತೆ ಹೊರಳುತ್ತದೆ. ದೊಡ್ಡ ಮೀನು ಹೆಚ್ಚಾಗಿ ಬಾಯಿ ಹಾಕುವುದು ಅದು ಬೀಳುವ ಹೊತ್ತಿನಲ್ಲಿ. ಆದ್ದರಿಂದ ಜಿಗ್ಗಿನ ಆಕಾರಕ್ಕೆ ಮಹತ್ವ. ತೆಳ್ಳಗೆ ಉದ್ದವಿದ್ದರೆ ಬಾಣದಂತೆ ಇಳಿಯುತ್ತದೆ, ಎಲೆಯಂತೆ ಚಪ್ಪಟೆಯಿದ್ದರೆ ತೂಗಾಡುತ್ತಾ ನಿಧಾನಕ್ಕೆ ಇಳಿಯುತ್ತದೆ.

ಅಂಗಡಿಯಲ್ಲಿ ಕೊಂಡರೆ ಒಂದೊಂದಕ್ಕೂ ಒಳ್ಳೆಯ ಬೆಲೆ. ಅಳಿವೆಯ ಬಂಡೆಗೆ ಸಿಕ್ಕಿ ದಿನಕ್ಕೆ ಎರಡು ಹೋದರೆ ಕಣ್ಣಲ್ಲಿ ನೀರು. ಹಾಗಾಗಿ ಮಾವನವರು ಮನೆಯಲ್ಲೇ ಎರಕ ಹೊಯ್ಯಲು ಶುರು ಮಾಡಿದರು. ಊರಿನ ಹುಡುಗರೂ ದೋಣಿಯವರೂ ಬಂದು ಕೊಂಡುಹೋಗುತ್ತಿದ್ದರು. ಪಿಂಚಣಿಯ ಜೊತೆ ನಾಲ್ಕು ಕಾಸು, ಅದಕ್ಕಿಂತ ಹೆಚ್ಚಾಗಿ "ನಿಮ್ಮ ಜಿಗ್ಗಿಗೆ ಅಂಜಲ್ ಬಿತ್ತು" ಎಂಬ ಮಾತು ಅವರಿಗೆ ಬೇಕಿತ್ತು.

ಅಚ್ಚು ಮತ್ತು ಎರಕ

ಕೆಲಸ ನೋಡಲು ಚೆಂದ. ಮೊದಲು ಮರದಲ್ಲಿ ಒಂದು ಪುಟ್ಟ ಮೀನು ಕೆತ್ತುವುದು. ಸೋಪಿನ ಡಬ್ಬಿಯಲ್ಲಿ ಜೇಡಿಮಣ್ಣು ತುಂಬಿ ಮರದ ಮೀನನ್ನು ಅದರಲ್ಲಿ ಅರ್ಧ ಹುದುಗಿಸುವುದು. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹೊಯ್ಯುವುದು. ಗಟ್ಟಿಯಾದ ಮೇಲೆ ತಿರುಗಿಸಿ, ಮಣ್ಣು ತೆಗೆದು, ಎರಡು ಸಣ್ಣ ಗುಳಿ ಕೊರೆದು, ಸೋಪಿನ ನೀರು ಸವರಿ ಉಳಿದ ಅರ್ಧಕ್ಕೂ ಹೊಯ್ಯುವುದು. ಗುಳಿಗಳಿರುವುದರಿಂದ ಅಚ್ಚಿನ ಎರಡು ಹೋಳು ಪ್ರತಿಸಲವೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಬಳಿಕ ಸೀಸ ಹೊಯ್ಯಲು ಒಂದು ಬಾಯಿ, ಗಾಳಿ ಹೊರಹೋಗಲು ಒಂದು ಕಿಂಡಿ. ಒಳಗೆ ತುಕ್ಕು ಹಿಡಿಯದ ಉಕ್ಕಿನ ತಂತಿಯನ್ನು ಎರಡು ತುದಿಯಲ್ಲೂ ಬಳೆ ಮಾಡಿ ಇಟ್ಟರೆ ಅದರ ಸುತ್ತ ಸೀಸ ತುಂಬಿಕೊಳ್ಳುತ್ತದೆ. ಆ ಬಳೆಗೇ ದಾರ, ಆ ಬಳೆಗೇ ಕೊಕ್ಕೆ.

ಅಚ್ಚಿನ ಒಳಮೈಗೆ ದೀಪದ ಮಸಿ ಹಿಡಿಸಿದರೆ ಸೀಸ ಸಲೀಸಾಗಿ ಹರಿಯುತ್ತದೆ. ಕರಗಿದ ಸೀಸಕ್ಕೆ ಉರಿದುಳಿದ ಮೇಣದಬತ್ತಿಯ ಚೂರು ಹಾಕಿದರೆ ಕಿಟ್ಟ ಬೇರ್ಪಟ್ಟು ಮೇಲೆ ಬರುತ್ತದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಟ್ಟಿಗೆ ಒಲೆಗೆ ಅದೇನೂ ಹೆಚ್ಚಲ್ಲ. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂಗಿಂತ ಹೆಚ್ಚು ತೂಗುತ್ತದೆ, ಕಬ್ಬಿಣ 8 ಗ್ರಾಂಗೂ ಕಡಿಮೆ. ಅಗ್ಗ, ಮೃದು, ಭಾರ, ಬೇಗ ಕರಗುವಂಥದ್ದು. ಸಾವಿರಾರು ವರ್ಷಗಳಿಂದ ಮನುಷ್ಯ ಸೀಸಕ್ಕೆ ಅಂಟಿಕೊಂಡದ್ದು ಈ ಗುಣಗಳಿಗಾಗಿಯೇ.

ಒಂದು ಅಪಾಯ ಮಾವನವರಿಗೆ ಚೆನ್ನಾಗಿ ಗೊತ್ತಿತ್ತು. ಅದು ನೀರು. ಕರಗಿದ ಸೀಸದೊಳಗೆ ಒಂದು ಹನಿ ಸಿಕ್ಕಿಕೊಂಡರೂ ಅದು ಕ್ಷಣದಲ್ಲಿ ಹಬೆಯಾಗಿ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಪ್ಲಾಸ್ಟರಿನ ಅಚ್ಚು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇಟ್ಟುಕೊಂಡಿರುತ್ತದೆ. ಅದನ್ನು ವಾರಗಟ್ಟಲೆ ಬಿಸಿಲಿಗಿಟ್ಟು, ಹೊಯ್ಯುವ ಮುಂಚೆ ನಿಧಾನವಾಗಿ ಬಿಸಿ ಮಾಡಬೇಕು. ಜೂನ್ ಬಂತೆಂದರೆ ಅವರು ಎರಕ ನಿಲ್ಲಿಸಿಬಿಡುತ್ತಿದ್ದರು. "ಮಳೆಗಾಲದಲ್ಲಿ ಸೀಸ ಕೋಪಿಷ್ಠ" ಎನ್ನುತ್ತಿದ್ದರು.

ಕಣ್ಣಿಗೆ ಕಾಣುವ ಅಪಾಯಕ್ಕೆ ಅಷ್ಟು ಎಚ್ಚರ. ಕಾಣದ ಅಪಾಯ ಯಾರಿಗೂ ಗೊತ್ತಿರಲಿಲ್ಲ.

ಬಣ್ಣದ ಕೆಲಸ

ಎರಕ ಅಜ್ಜನದು, ಬಣ್ಣ ಪುಟ್ಟನದು. ಅಚ್ಚಿನಿಂದ ತೆಗೆದ ಜಿಗ್ಗಿನ ಅಂಚಿನ ರೆಕ್ಕೆಗಳನ್ನು ಮಾವನವರು ಅರದಿಂದ ಉಜ್ಜಿ ತೆಗೆಯುತ್ತಿದ್ದರು. ವಿನೆಗರಿನಲ್ಲಿ ಒರೆಸಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೊದಲು ಬಿಳಿ ಬಣ್ಣದ ಒಂದು ಲೇಪ. ಅದರ ಮೇಲೆ ಬೆನ್ನಿಗೆ ನೀಲಿ ಅಥವಾ ಹಸಿರು, ಹೊಟ್ಟೆಗೆ ಬೆಳ್ಳಿ. ನಿಜವಾದ ಬಂಗುಡೆಯೂ ಹಾಗೆಯೇ ತಾನೇ? ಮೇಲಿನಿಂದ ನೋಡಿದರೆ ಕಪ್ಪು ನೀರಿನಲ್ಲಿ ಬೆರೆಯುವ ಬೆನ್ನು, ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಿನಲ್ಲಿ ಕರಗುವ ಹೊಟ್ಟೆ. ಕಿವಿರಿನ ಹತ್ತಿರ ಕೆಂಪು ಗೆರೆ ಎಳೆಯುವುದುಂಟು. ಆದರೆ ನೀರಿನ ಆಳಕ್ಕೆ ಹೋದಂತೆ ಮೊದಲು ಮಾಯವಾಗುವ ಬಣ್ಣವೇ ಕೆಂಪು. ಆಳದಲ್ಲಿ ಅದು ಕಪ್ಪಾಗಿ ಕಾಣುತ್ತದೆ, ನೀಲಿ ಬಹಳ ಕೆಳಗಿನವರೆಗೂ ಉಳಿಯುತ್ತದೆ.

ಕೊನೆಗೆ ಕಣ್ಣು. ಬೆಂಕಿಕಡ್ಡಿಯ ಹಿಂಬದಿಯನ್ನು ನನ್ನ ಉಗುರಿನ ಬಣ್ಣದ ಸೀಸೆಯಲ್ಲಿ ಅದ್ದಿ ಪುಟ್ಟ ಒಂದು ಚುಕ್ಕೆ ಇಡುತ್ತಿದ್ದ, ಅದರ ನಡುವೆ ಇನ್ನೊಂದು ಕಪ್ಪು ಚುಕ್ಕೆ. "ಕಣ್ಣಿಟ್ಟ ಮೇಲೆ ಜೀವ ಬರ್ತದೆ ಅಲ್ವಾ ಅಜ್ಜ?" ಎನ್ನುತ್ತಿದ್ದ. ಹುಂಜದ ಕುತ್ತಿಗೆಯ ಗರಿಯನ್ನು ಕೊಕ್ಕೆಗೆ ದಾರದಿಂದ ಸುತ್ತಿದರೆ ಬಾಲವೂ ಸಿದ್ಧ.

ಇನ್ನೊಂದು ಸಂಗತಿ. ದಾರಕ್ಕೆ ಹಾಕುವ ಸೀಳಿದ ಸೀಸದ ಗುಂಡುಗಳನ್ನು ಮಾವನವರು ಹಲ್ಲಿನಿಂದ ಕಚ್ಚಿ ಮುಚ್ಚುತ್ತಿದ್ದರು. ಗಾಳ ಹಾಕುವ ಎಷ್ಟೋ ಜನ ಹೀಗೆಯೇ ಮಾಡುತ್ತಾರೆ. ಪುಟ್ಟನೂ ಅಜ್ಜನನ್ನು ನೋಡಿ ಕಲಿತಿದ್ದ.

ಪುಟ್ಟನ ಹೊಟ್ಟೆನೋವು

ಆ ವರ್ಷ ಅವನಿಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ, ಮಲಬದ್ಧತೆ, ಮುಖ ಬಿಳಿಚಿಕೊಂಡಿತ್ತು. ಹುಳದ ಔಷಧಿ ಕೊಟ್ಟೆವು. ಕಬ್ಬಿಣದ ಟಾನಿಕ್ ಕೊಟ್ಟೆವು. ಹಠ ಜಾಸ್ತಿಯಾಯಿತು, ಶಾಲೆಯಲ್ಲಿ ಗಮನವಿಲ್ಲ ಎಂದು ಟೀಚರ್ ಹೇಳಿದರು. ಆಗ ನಾನು ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದೆ. "ತಮ್ಮನೋ ತಂಗಿಯೋ ಬರ್ತದಲ್ಲ, ಅದಕ್ಕೇ ಮುನಿಸು" ಎಂದು ಎಲ್ಲರೂ ಅಂದರು. ನಾನೂ ನಂಬಿದೆ.

ಮಂಗಳೂರಿನಲ್ಲಿ ಮಕ್ಕಳ ಡಾಕ್ಟರೊಬ್ಬರು ಬೇರೆ ರೀತಿ ಕೇಳಿದರು. "ಮನೆಯಲ್ಲಿ ಯಾರು ಏನು ಕೆಲಸ ಮಾಡ್ತಾರೆ? ಹಳೆಯ ಬ್ಯಾಟರಿ, ಪೇಂಟ್, ಬೆಸುಗೆ, ಅಂಥದ್ದೇನಾದರೂ ಇದೆಯಾ?" ನಾನು ಹೆಮ್ಮೆಯಿಂದಲೇ ಅಜ್ಜ ಮೊಮ್ಮಗನ ಜಿಗ್ಗಿನ ಕಥೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ರಕ್ತ ಪರೀಕ್ಷೆಯಾಯಿತು. ಪುಟ್ಟನ ರಕ್ತದಲ್ಲಿ ಸೀಸ ಇತ್ತು, ಸುಮ್ಮನಿರಬಹುದಾದ ಮಟ್ಟವನ್ನು ಮೀರಿ.

ಸೀಸ ಮಾಡುವುದೇನು?

ಡಾಕ್ಟರು ಹೇಳಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಸರಳವಾಗಿ ಹೇಳುತ್ತೇನೆ. ನಮ್ಮ ಶರೀರ ಸೀಸವನ್ನು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಎಂದು ತಪ್ಪು ತಿಳಿಯುತ್ತದೆ. ಎಲುಬು ಹಲ್ಲುಗಳಲ್ಲಿ ಕೂಡಿಡುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧವಾಗಲು ಸುಮಾರು ಒಂದು ತಿಂಗಳು ಸಾಕು, ಎಲುಬಿನಲ್ಲಿ ದಶಕಗಳು ಬೇಕು. ತಾಯಿ ಗರ್ಭಿಣಿಯಾದಾಗ ಎಲುಬಿನ ಸುಣ್ಣದ ಜೊತೆ ಆ ಸೀಸವೂ ಕರಗಿ ಹೊಟ್ಟೆಯ ಮಗುವಿಗೆ ಸೇರುತ್ತದೆ.

ನುಂಗಿದ ಸೀಸದಲ್ಲಿ ದೊಡ್ಡವರ ಶರೀರ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳ ಶರೀರ ಹೀರಿಕೊಳ್ಳುತ್ತದೆ. ರಕ್ತಹೀನತೆ ಇದ್ದರೆ ಇನ್ನೂ ಹೆಚ್ಚು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿಯಿಂದ ಕಲಿಕೆ, ಗಮನ, ಸ್ವಭಾವ ಎಲ್ಲವೂ ಕುಂದುತ್ತವೆ. ದೊಡ್ಡವರಿಗೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿ ಸೀಸಕ್ಕೆ ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕೆಂದು ಅದರ 2021ರ ಮಾರ್ಗಸೂಚಿ ತಿಳಿಸುತ್ತದೆ.

ಮನೆಯ ಎರಕದಲ್ಲಿ ಸೀಸ ಒಳಗೆ ಹೋಗುವುದು ಬರೀ ಹೊಗೆಯಿಂದಲ್ಲ. ಸೌಟಿನ ಮೇಲಿಂದ ಕೆರೆದ ಕಿಟ್ಟ ಒಣಗಿ ಪುಡಿಯಾಗುತ್ತದೆ. ಅರದಿಂದ ಉಜ್ಜಿದ ಧೂಳು ನೆಲಕ್ಕೆ ಬೀಳುತ್ತದೆ. ಪೊರಕೆ ಹಿಡಿದು ಗುಡಿಸಿದರೆ ಅದು ಎದ್ದು ಪಾತ್ರೆಯ ಮೇಲೆ, ಅಕ್ಕಿಯ ಮೇಲೆ ಕೂರುತ್ತದೆ. ಮಕ್ಕಳ ಕೈ ನೆಲಕ್ಕೆ, ನೆಲದಿಂದ ಬಾಯಿಗೆ. ನಮ್ಮ ಅಡುಗೆಮನೆಯಲ್ಲಿ ಇವೆಲ್ಲವೂ ನಡೆದಿತ್ತು.

ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರಿಕೆ ಹೇಳಿದವರಲ್ಲಿ ಮುಖ್ಯರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತ ಪರೀಕ್ಷೆಯಲ್ಲಿ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ದಶಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ಜಾರಿಯಾಯಿತು. ಆದರೂ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿ ಅಂದಾಜು ಮಾಡಿತು.

ನೀರಿಗೆ ಬಿದ್ದ ಸೀಸವೂ ಸುಮ್ಮನಿರುವುದಿಲ್ಲ. ಬ್ರಿಟನ್ನಿನಲ್ಲಿ ಗಾಳದವರು ಕಳೆದುಕೊಂಡ ಗುಂಡುಗಳನ್ನು ಹರಳುಕಲ್ಲಿನ ಜೊತೆ ನುಂಗಿ ಹಂಸಗಳು ಸಾಯುತ್ತಿದ್ದವು. ಅದಕ್ಕಾಗಿ 1987ರಲ್ಲಿ ಸಣ್ಣ ತೂಕದ ಸೀಸದ ಗುಂಡುಗಳ ಮಾರಾಟಕ್ಕೆ ಅಲ್ಲಿ ತಡೆ ಬಂತು.

ಮಾವನವರ ಮೌನ

ವರದಿ ಬಂದ ದಿನ ಮಾವನವರು ಊಟ ಮಾಡಲಿಲ್ಲ. ಸೌಟು, ಅಚ್ಚು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕಟ್ಟಿದರು. ಪುಟ್ಟ ಹತ್ತಿರ ಹೋದರೆ "ಬೇಡ ಮಗಾ, ಮುಟ್ಟಬೇಡ" ಎಂದು ದೂರ ಸರಿಯುತ್ತಿದ್ದರು. ಮೂರನೆಯ ದಿನ ಜಪಸರದ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಕರೆದು, "ಮಗಳೇ, ನನ್ನ ಕೈಯಾರೆ ನಾನೇ ಮಗುವಿಗೆ ವಿಷ ಕೊಟ್ಟೆನಾ?" ಎಂದು ಕೇಳಿದರು.

ನನ್ನೊಳಗೆ ಕೋಪ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಉಗುರಿನ ಬಣ್ಣದ ಸೀಸೆ ತಂದುಕೊಟ್ಟವಳು ನಾನೇ ಅಲ್ಲವೇ? "ಮಾವಾ, ಗೊತ್ತಿಲ್ಲದೆ ಆದದ್ದು. ಇನ್ನು ಗೊತ್ತಿದ್ದು ಮಾಡುವುದು ಬೇಡ, ಅಷ್ಟೇ. ಮಗು ನಿಮ್ಮ ಹತ್ತಿರ ಬರುವುದನ್ನು ಮಾತ್ರ ತಪ್ಪಿಸಬೇಡಿ" ಎಂದೆ.

ಪುಟ್ಟನಿಗೆ ದೊಡ್ಡ ಚಿಕಿತ್ಸೆಯೇನೂ ಬೇಕಾಗಲಿಲ್ಲ. ಶರೀರದಿಂದ ಸೀಸ ಎಳೆದು ತೆಗೆಯುವ ಔಷಧಿಯನ್ನು ಸಾಮಾನ್ಯವಾಗಿ ಕೊಡುವುದು ಪ್ರಮಾಣ ಬಹಳ ಹೆಚ್ಚಿದ್ದಾಗ, ಮಕ್ಕಳಲ್ಲಿ 45 ಮೈಕ್ರೋಗ್ರಾಂ ಮುಟ್ಟಿದಾಗ. ಅವನಿಗೆ ಕಬ್ಬಿಣದ ಅಂಶದ ಔಷಧಿ, ರಾಗಿ, ಹಾಲು, ಸೊಪ್ಪು, ಎಲ್ಲಕ್ಕಿಂತ ಮುಖ್ಯವಾಗಿ ಸೀಸವಿಲ್ಲದ ಮನೆ. ಆ ಒಲೆಯ ಮೂಲೆಯನ್ನು ನನ್ನ ಗಂಡ ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ ತೊಳೆದರು. ನನ್ನ ರಕ್ತವನ್ನೂ ಪರೀಕ್ಷಿಸಿದರು. ಹೆದರುವಂಥದ್ದಿರಲಿಲ್ಲ, ದೇವರ ದಯೆ. ತಿಂಗಳುಗಳು ಕಳೆದಂತೆ ಪುಟ್ಟನ ಅಂಕಿ ಇಳಿಯಿತು, ಹೊಟ್ಟೆನೋವು ನಿಂತಿತು. ಒಳಗೆ ಆಗಿಹೋದದ್ದೆಷ್ಟು ಎಂಬುದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಆ ಚಿಂತೆ ತಾಯಿಯ ಎದೆಯಲ್ಲಿ ಉಳಿಯುವಂಥದ್ದು.

ಕಲಾಯಿ ಮತ್ತು ಚಮಚ

ದಾರಿ ತೋರಿಸಿದ್ದು ಹಳೆಯ ನೆನಪು. ಹಿಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಿದ್ದರಲ್ಲ, ಆ ಕಲಾಯಿ ತವರ. ಅಡುಗೆ ಪಾತ್ರೆಯ ಒಳಗೆ ಬಳಿಯುವ ಲೋಹ ಅದು, ಸೀಸದಂತೆ ವಿಷವಲ್ಲ. 232 ಡಿಗ್ರಿಯಲ್ಲೇ ಕರಗುತ್ತದೆ, ಹೊಳಪೂ ಹೆಚ್ಚು. ಆದರೆ ಹಗುರ. 30 ಗ್ರಾಂ ಸೀಸ ಹಿಡಿಯುವ ಅಚ್ಚಿಗೆ ತವರ ಹೊಯ್ದರೆ ಸಿಗುವುದು ಸುಮಾರು 19 ಗ್ರಾಂ. ಅದೇ ತೂಕ ಬೇಕಾದರೆ ಅಚ್ಚು ಒಂದೂವರೆ ಪಟ್ಟು ದೊಡ್ಡದಾಗಬೇಕು. ಬೆಲೆಯಂತೂ ಸೀಸಕ್ಕಿಂತ ಎಷ್ಟೋ ಹೆಚ್ಚು.

ನಮ್ಮ ಗಡಿನಾಡಿನವರು ಕೊಳ್ಳುವಾಗ ಒಂದು ಎಚ್ಚರ ಬೇಕು. ಮಲಯಾಳದಲ್ಲಿ ಬರೀ "ಈಯ" ಎಂದು ಕೇಳಿದರೆ ಕೈಗೆ ಸೀಸವೇ ಬಂದೀತು. ತವರಕ್ಕೆ "ವೆಳುತ್ತೀಯ" ಎಂದು ಬಿಡಿಸಿ ಹೇಳಬೇಕು. ಬೆಸುಗೆಯ ಕಡ್ಡಿಯೂ ತವರದಂತೆ ಹೊಳೆಯುತ್ತದೆ, ಆದರೆ ಸಾಮಾನ್ಯ ಬೆಸುಗೆಯಲ್ಲಿ ಸೀಸ ಬೆರೆತಿರುತ್ತದೆ.

ಮಾವನವರು ಹೊಸ ಅಚ್ಚು ಮಾಡಿದರು. ಕೆಲಸ ಈಗ ಹಿತ್ತಿಲಿನ ತೆಂಗಿನ ಮರದಡಿ, ಬೇರೆ ಸೌಟಿನಲ್ಲಿ. ಬರೀ ತವರ, ಅದೂ ಸಣ್ಣ ಜಿಗ್‌ಗಳು ಮಾತ್ರ. ಆಳಕ್ಕೆ ಬೇಕಾದ ಭಾರದ ಜಿಗ್‌ಗಳನ್ನು ಕೇಳಿಕೊಂಡು ಬರುವ ದೋಣಿಯವರಿಗೆ "ಈ ಮನೆಯಲ್ಲಿ ಇನ್ನು ಅದು ಇಲ್ಲ" ಎನ್ನುತ್ತಾರೆ. ಕೆಲವರು ನಕ್ಕು ಹೋದರು. ನಾಲ್ಕು ಕಾಸೂ ಕಡಿಮೆಯಾಯಿತು.

ಪುಟ್ಟನಿಗೆ ಅವರು ಬೇರೆಯೇ ಕೆಲಸ ಕೊಟ್ಟರು. ಹಳೆಯ ಸ್ಟೀಲ್ ಚಮಚದ ಹಿಡಿಯನ್ನು ತಾವೇ ಕತ್ತರಿಸಿ, ಉಳಿದ ಬಟ್ಟಲಿನ ಎರಡು ತುದಿಗೂ ತೂತು ಕೊರೆದು, ಅಂಚು ನಯ ಮಾಡಿ ಅವನ ಕೈಗಿಡುತ್ತಾರೆ. ಅವನು ಬಣ್ಣ ಹಚ್ಚಿ ಕಣ್ಣಿಡುತ್ತಾನೆ. ಒಂದು ತುದಿಗೆ ದಾರ, ಇನ್ನೊಂದಕ್ಕೆ ಕೊಕ್ಕೆ. ಎಳೆದಾಗ ಚಮಚ ನೀರಿನಲ್ಲಿ ಅತ್ತಿತ್ತ ಓಲಾಡಿ ಮಿಂಚುತ್ತದೆ. ಕರಗಿಸುವುದೂ ಬೇಡ, ಕಿಟ್ಟವೂ ಇಲ್ಲ.

ಎರಕ ಹೊಯ್ಯುವ ಮನೆಯವರಲ್ಲಿ ವಿನಂತಿ

• ಸೀಸವನ್ನು ಅಡುಗೆಮನೆಯಲ್ಲಾಗಲಿ ಮನೆಯೊಳಗಾಗಲಿ ಕರಗಿಸಬೇಡಿ. ಅದಕ್ಕೆ ಬಳಸಿದ ಪಾತ್ರೆ, ಸೌಟು ಎಂದಿಗೂ ಅಡುಗೆಗೆ ಮರಳಬಾರದು.
• ಮಕ್ಕಳು ಮತ್ತು ಗರ್ಭಿಣಿಯರು ಆ ಜಾಗಕ್ಕೆ ಬರಲೇಬಾರದು.
• ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆಯೇ ಬೇಡ. ಅದರಲ್ಲಿ ಆಮ್ಲವಿದೆ, ವಿಷದ ಪುಡಿಯಿದೆ.
• ಒದ್ದೆ ಅಚ್ಚು, ಒದ್ದೆ ಸೀಸ, ಮಳೆ, ಬೆವರಿನ ಹನಿ ಎಲ್ಲವೂ ಅಪಾಯ. ಕನ್ನಡಕ, ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಇರಲಿ. ಈ ಮಾತು ತವರಕ್ಕೂ ಸಲ್ಲುತ್ತದೆ.
• ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲಿಡಿ, ಹಿತ್ತಿಲಿಗೆ ಎಸೆಯಬೇಡಿ.
• ಕೆಲಸ ಮುಗಿದೊಡನೆ ಸೋಪು ಹಾಕಿ ಕೈಮುಖ ತೊಳೆಯಿರಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.
• ಗುಂಡನ್ನು ಹಲ್ಲಿನಿಂದ ಕಚ್ಚಬೇಡಿ, ಇಕ್ಕಳ ಬಳಸಿ.
• ಬಣ್ಣ ಬಳಿದರೆ ಸೀಸ ಮುಚ್ಚಿಹೋಯಿತೆಂದು ನಂಬಬೇಡಿ. ಬಂಡೆಗೆ ತಾಗಿದರೆ ಬಣ್ಣ ಏಳುತ್ತದೆ.
• ಮಗುವಿಗೆ ಕಾರಣವಿಲ್ಲದ ಹೊಟ್ಟೆನೋವು, ರಕ್ತಹೀನತೆ ಇದ್ದರೆ ಮನೆಯ ಕೆಲಸಗಳನ್ನು ಡಾಕ್ಟರಿಗೆ ತಾವಾಗಿಯೇ ತಿಳಿಸಿ.

ಕಳೆದ ಭಾನುವಾರ ಪೂಜೆ ಮುಗಿಸಿ ಬಂದು ಅಜ್ಜ ಮೊಮ್ಮಗ ಅಳಿವೆಗೆ ಹೋದರು. ಸೊಂಟದಲ್ಲಿ ಪುಟ್ಟನ ತಂಗಿಯನ್ನು ಎತ್ತಿಕೊಂಡು ನಾನೂ ಹೋದೆ. ಮೂರು ಚಮಚ ಬಂಡೆಗೆ ಹೋದವು. ನಾಲ್ಕನೆಯದಕ್ಕೆ ಅಂಗೈಯಗಲದ ಒಂದು ಕೆಂಬೇರಿ ಬಿತ್ತು. "ಅಜ್ಜ, ನಾನಿಟ್ಟ ಕಣ್ಣು ನೋಡಿಯೇ ಅದು ಬಂದದ್ದು!" ಎಂದು ಪುಟ್ಟ ಕುಣಿದ. ಮಾವನವರು ಕೊಕ್ಕೆ ಬಿಡಿಸಿ, ಇದು ಇನ್ನೂ ಮರಿ ಎಂದು ಮೀನನ್ನು ನೀರಿಗೆ ಬಿಟ್ಟರು. ಆಮೇಲೆ ಮೊಮ್ಮಗನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು, ಬಾಟಲಿಯ ನೀರು ಹಾಕಿ, ಬೆರಳು ಬೆರಳನ್ನೂ ಉಜ್ಜಿ ತೊಳೆದರು.